ಹಲ್ಲು ಕಿತ್ತ ಗುಳಿಯ ನೋವಿಗೆ ಗುಳಿಯಲ್ಲೇ ಮದ್ದು: ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಗೆ,
ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳು, ಶಿವಮೊಗ್ಗ
ಹಾಗೂ ತಾಲ್ಲೂಕು ಆಸ್ಪತ್ರೆಗಳ ದಂತ ವಿಭಾಗದವರಿಗೆ, ಹಲ್ಲು ಕೀಳಿಸಿಕೊಳ್ಳಲಿರುವ ಮಲೆನಾಡಿನ ಎಲ್ಲರಿಗೂ

ಮಾನ್ಯರೇ,

ತೀರ್ಥಹಳ್ಳಿಯಲ್ಲಿ ಬೆಳಿಗ್ಗೆ ಹನ್ನೊಂದಕ್ಕೆ ಕೆಳದವಡೆಯ ಹಲ್ಲು ಕೀಳಿಸಿಕೊಂಡವರು ಆಗುಂಬೆ ಕಡೆಯ ಬಸ್ಸು ಹಿಡಿದು, ನಿಲ್ದಾಣದಲ್ಲಿಳಿದು, ಗದ್ದೆ ಬದುವಿನ ಮೇಲೆ ನಡೆದು ಮನೆ ಸೇರುವ ಹೊತ್ತಿಗೆ ಮರಗಟ್ಟಿದ್ದ ತುಟಿ ಬಿಡತೊಡಗಿರುತ್ತದೆ. ನಮ್ಮ ಆಸ್ಪತ್ರೆಗಳಲ್ಲಿ ಕೊಡುವುದು ಮರಗಟ್ಟಿಸುವ ಮದ್ದಾದ 2% ಲಿಗ್ನೋಕೇನ್‌ಗೆ 1:80,000 ಪ್ರಮಾಣದಲ್ಲಿ ಅಡ್ರಿನಲಿನ್ ಸೇರಿಸಿದ ಇಂಜೆಕ್ಷನ್. ಅದು ತುಟಿ, ನಾಲಿಗೆಗಳನ್ನು ಮೂರರಿಂದ ಐದು ಗಂಟೆ ಹಿಡಿದಿಡುತ್ತದೆ. ನೋವು ಏರುವುದು ಅದು ಬಿಟ್ಟ ಮೇಲೆ. ಹಲ್ಲು ಕಿತ್ತ ಆರರಿಂದ ಎಂಟು ಗಂಟೆಯ ಹೊತ್ತಿಗೆ ಅದು ಎಲ್ಲಕ್ಕಿಂತ ಹೆಚ್ಚಿರುತ್ತದೆ. ಆಗ ಸಂಜೆಯಾಗಿರುತ್ತದೆ, ಹೊರರೋಗಿ ವಿಭಾಗ ಮುಚ್ಚಿರುತ್ತದೆ, ಮಳೆಗಾಲವಾದರೆ ಕರೆಂಟೂ ಇಲ್ಲ, ಫೋನಿಗೆ ನೆಟ್‌ವರ್ಕೂ ಇಲ್ಲ. ಕೈಯಲ್ಲಿರುವುದು ಒಂದು ಪಟ್ಟಿ ಮಾತ್ರೆ ಮಾತ್ರ.

ನೋವು ಹುಟ್ಟುವುದು ಕಿರುಬೆರಳ ತುದಿ ಹಿಡಿಸುವಷ್ಟು ಗುಳಿಯಲ್ಲಿ. ಅದಕ್ಕಾಗಿ ನಾವು ಇಡೀ ಮೈಗೆ ಮದ್ದು ಕುಡಿಸುತ್ತಿದ್ದೇವೆ. ಮದ್ದನ್ನು ಗುಳಿಯಲ್ಲೇ ಇರಿಸಿ ಎರಡು ಮೂರು ದಿನ ಸ್ವಲ್ಪಸ್ವಲ್ಪವೇ ಒಸರುವಂತೆ ಮಾಡುವ ವಿದ್ಯೆ ಈಗ ಸಾಕಷ್ಟು ಬೆಳೆದಿದೆ. ಅದರಲ್ಲಿ ನಾಳೆಯೇ ಶುರುಮಾಡಬಹುದಾದ ಭಾಗವಿದೆ, ಪರೀಕ್ಷೆ ಮುಗಿಯದೆ ಮುಟ್ಟಲೇಬಾರದ ಭಾಗವೂ ಇದೆ. ಎರಡೂ ಕಲಸಿಹೋಗಿರುವುದು ನಮ್ಮ ಚಿಂತೆ. ಅದಕ್ಕೇ ಈ ಪತ್ರ.

ಮಾತ್ರೆಯ ಮೇಲೆ ನಮಗೆ ಹಗೆಯಿಲ್ಲ. ಐಬುಪ್ರೊಫೆನ್ 400 ಮಿ.ಗ್ರಾಂ ಮತ್ತು ಪ್ಯಾರಾಸಿಟಮಾಲ್ 500ರಿಂದ 1000 ಮಿ.ಗ್ರಾಂ ಜೊತೆಯಾಗಿ ಕೊಟ್ಟರೆ ಹಲ್ಲು ಕಿತ್ತ ನೋವಿಗೆ ಅದಕ್ಕಿಂತ ಚೆನ್ನಾಗಿ ಕೆಲಸ ಮಾಡುವ ಮಾತ್ರೆ ಸಿಗುವುದು ಕಷ್ಟ. ಮೊದಲ ಡೋಸನ್ನು ಮರಗಟ್ಟಿದ್ದು ಬಿಡುವ ಮುಂಚೆಯೇ, ಹೊಟ್ಟೆಗೆ ಏನಾದರೂ ಹಾಕಿಕೊಂಡು ನುಂಗಬೇಕು. ನೋವು ಏರಿದ ಮೇಲೆ ನುಂಗಿದರೆ ಒಂದು ಗಂಟೆ ಹಿಂದೆ ಬಿದ್ದಂತೆ. ಆದರೆ ದಿನಕ್ಕೆ ಮೂರರಂತೆ ಮೂರು ದಿನ ನುಂಗಿದರೆ ಐಬುಪ್ರೊಫೆನ್ ಒಂದೇ 3,600 ಮಿ.ಗ್ರಾಂ ಆಗುತ್ತದೆ. ಅದು ಹೊಟ್ಟೆ, ಮೂತ್ರಪಿಂಡ, ರಕ್ತ ಎಲ್ಲವನ್ನೂ ಹಾದು ಬರುತ್ತದೆ. ಗಟ್ಟಿಮುಟ್ಟಾದ ಮೂವತ್ತರ ಪ್ರಾಯದವರಿಗೆ ಇದರಿಂದ ಏನೂ ಆಗಲಿಕ್ಕಿಲ್ಲ. ಆದರೆ ಸರ್ಕಾರಿ ಆಸ್ಪತ್ರೆಯ ಕುರ್ಚಿಗೆ ಹೆಚ್ಚಾಗಿ ಬರುವವರು ಅವರಲ್ಲ. ದಂತಭಾಗ್ಯ ಯೋಜನೆಯಲ್ಲಿ ಉಚಿತ ಹಲ್ಲುಸೆಟ್ಟು ಹಾಕಿಸಿಕೊಳ್ಳಲು ಬರುವ ಹಿರಿಯರಿಗೆ ಉಳಿದ ಬೇರುಗಳನ್ನೆಲ್ಲ ತೆಗೆಯಬೇಕಾಗುತ್ತದೆ, ಕೆಲವೊಮ್ಮೆ ಒಂದೇ ಸಲ ನಾಲ್ಕೈದು. ಅವರಲ್ಲಿ ಹಲವರು ಬಿಪಿಗೆ ಟೆಲ್ಮಿಸಾರ್ಟಾನ್ ಅಥವಾ ರಾಮಿಪ್ರಿಲ್ ಜೊತೆಗೆ ಮೂತ್ರ ಹೋಗಿಸುವ ಮಾತ್ರೆಯನ್ನೂ ನುಂಗುತ್ತಿರುತ್ತಾರೆ. ಇವೆರಡರ ಮೇಲೆ ನೋವಿನ ಮಾತ್ರೆ ಬಿತ್ತೆಂದರೆ, ಬಾಯಿನೋವಿಗೆ ನೀರೂ ಸರಿಯಾಗಿ ಕುಡಿಯದ ಆ ದಿನಗಳಲ್ಲಿ ಮೂತ್ರಪಿಂಡಕ್ಕೆ ಪೆಟ್ಟು ಬೀಳಬಹುದು.

ಈ ನೆಲಕ್ಕೇ ಸೇರಿದ ಇನ್ನೊಂದು ಕಾರಣವಿದೆ. ಮಂಗನ ಕಾಯಿಲೆಯನ್ನು 1957ರಲ್ಲಿ ಗುರುತಿಸಿದ್ದು ನಮ್ಮದೇ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ. ಡಿಸೆಂಬರಿನಿಂದ ಮೇವರೆಗೆ ಉಣ್ಣೆ ಹುಳು (ಉಣುಗು) ಕಚ್ಚಿ ಬರುವ ಆ ಜ್ವರದಲ್ಲಿ ಪ್ಲೇಟ್‌ಲೆಟ್ ಕುಸಿಯುತ್ತದೆ, ರಕ್ತಸ್ರಾವ ಆಗಬಹುದು. ಮಳೆಗಾಲದ ಡೆಂಗಿಯಲ್ಲೂ ಅದೇ ಕಥೆ. ಗದ್ದೆಯಲ್ಲಿ ಕೆಲಸ ಮಾಡುವವರಿಗೆ ಬರುವ ಇಲಿಜ್ವರ ಮೂತ್ರಪಿಂಡಕ್ಕೇ ಕೈಹಾಕುತ್ತದೆ. ಈ ಮೂರರಲ್ಲೂ ಡೈಕ್ಲೊಫೆನಾಕ್, ಐಬುಪ್ರೊಫೆನ್, ಆಸ್ಪಿರಿನ್‌ಗಳಿಂದ ದೂರವಿರಬೇಕು. ಹಲ್ಲು ಕಿತ್ತ ಎರಡನೆಯ ದಿನ ಜ್ವರ ಬಂದರೆ ಜನ ಅದನ್ನು ಹಲ್ಲಿನ ಲೆಕ್ಕಕ್ಕೇ ಬರೆದುಕೊಂಡು ಅದೇ ಮಾತ್ರೆಯನ್ನು ಮುಂದುವರಿಸುತ್ತಾರೆ. ಮಾತ್ರೆ ಜ್ವರವನ್ನು ಮುಚ್ಚಿಹಾಕುತ್ತದೆ, ರಕ್ತ ಪರೀಕ್ಷೆ ತಡವಾಗುತ್ತದೆ. ಗುಳಿಯಲ್ಲೇ ನಿಂತು ಕೆಲಸ ಮಾಡುವ ಮದ್ದು ಬೇರೆ ಜಿಲ್ಲೆಗಳಿಗಿಂತ ಸಾಗರ, ಸೊರಬ, ತೀರ್ಥಹಳ್ಳಿ, ಹೊಸನಗರಗಳಿಗೆ ಹೆಚ್ಚು ಬೇಕು ಎಂದು ನಾವು ಹೇಳುವುದು ಇದಕ್ಕೇ.

ಹಾಗಾದರೆ ಗುಳಿಯೊಳಗೆ ಏನು, ಎಷ್ಟು, ಯಾವಾಗ ಒಸರಬೇಕು? ನೋವಿಗೆ ಎರಡು ಸರದಿಗಳಿವೆ. ಮೊದಲನೆಯದು ಕೀಳುವಾಗಿನ ಗಾಯದ್ದು. ಹರಿದ ಅಂಗಾಂಶ ನೋವು ಹೆಚ್ಚಿಸುವ ರಾಸಾಯನಿಕಗಳಾದ ಪ್ರೊಸ್ಟಗ್ಲಾಂಡಿನ್‌ಗಳನ್ನು ಸುರಿಸುತ್ತದೆ, ನರದ ತುದಿಗಳು ಕೆರಳುತ್ತವೆ. ಮೊದಲ ಒಂದು ದಿನ ಇದರ ಜೋರು, ಮೂರನೆಯ ದಿನದ ಹೊತ್ತಿಗೆ ಇಳಿಮುಖ. ಎರಡನೆಯ ಸರದಿ ಎಲ್ಲರಿಗೂ ಬರುವುದಿಲ್ಲ. ಗುಳಿಯಲ್ಲಿ ಹೆಪ್ಪುಗಟ್ಟಿದ ರಕ್ತ ಕರಗಿಯೋ ಕಿತ್ತೋ ಹೋಗಿ ಎಲುಬು ಬಯಲಾದರೆ, ಎರಡರಿಂದ ನಾಲ್ಕನೆಯ ದಿನದಲ್ಲಿ ಕಿವಿಯವರೆಗೆ ಸೆಳೆಯುವ ನೋವು, ಜೊತೆಗೆ ಕೆಟ್ಟ ವಾಸನೆ. ಇದನ್ನು ಡ್ರೈ ಸಾಕೆಟ್ ಎನ್ನುತ್ತೇವೆ. ಸಾಮಾನ್ಯ ಹಲ್ಲುಗಳಲ್ಲಿ ನೂರಕ್ಕೆ ಒಂದರಿಂದ ಐದು, ಎಲುಬಿನಲ್ಲಿ ಹೂತ ಕೆಳಗಿನ ಬುದ್ಧಿಹಲ್ಲುಗಳಲ್ಲಿ ನೂರಕ್ಕೆ ಮೂವತ್ತರವರೆಗೂ ಆಗುವುದುಂಟು. ಆದ್ದರಿಂದ ಒಳ್ಳೆಯ ನಿಧಾನ ಬಿಡುಗಡೆಯ ಮದ್ದು ಮೊದಲ ದಿನ ಧಾರಾಳವಾಗಿ, ಮುಂದಿನ ಎರಡು ದಿನ ಕಡಿಮೆಯಾಗುತ್ತ ಒಸರಬೇಕು. ಇಷ್ಟೆಲ್ಲದರ ನಡುವೆ ಹೆಪ್ಪಿಗೆ ಅಡ್ಡಿಯಾಗಬಾರದು. ಈ ಕೊನೆಯ ಮಾತು ಎಲ್ಲಕ್ಕಿಂತ ಮುಖ್ಯ, ಹೆಚ್ಚಾಗಿ ಮರೆತುಹೋಗುವುದೂ ಅದೇ. ಮದ್ದೇ ಗುಳಿಯನ್ನು ತುಂಬಿಬಿಟ್ಟರೆ ರಕ್ತಕ್ಕೆ ಜಾಗವೆಲ್ಲಿ?

ಬಾಯೊಳಗೆ ನಿಧಾನವಾಗಿ ಒಸರುವ ಮದ್ದು ಹೊಸ ಸಂಗತಿಯೇನಲ್ಲ. ವಸಡಿನ ಕಾಯಿಲೆಗೆ 2.5 ಮಿ.ಗ್ರಾಂ ಕ್ರಿಮಿನಾಶಕ ಕ್ಲೋರ್‌ಹೆಕ್ಸಿಡಿನ್ ತುಂಬಿದ ಜೆಲಟಿನ್ ಚಿಪ್ 1990ರ ದಶಕದಿಂದ ಬಳಕೆಯಲ್ಲಿದೆ. ವಸಡಿನ ಸಂದಿಯಲ್ಲಿಟ್ಟರೆ ಅದು ಏಳರಿಂದ ಹತ್ತು ದಿನ ಮದ್ದು ಬಿಡುತ್ತ ತಾನೂ ಕರಗಿಹೋಗುತ್ತದೆ. ಮೇಲಿನ 3,600ರ ಪಕ್ಕದಲ್ಲಿ ಈ 2.5ನ್ನು ಇಟ್ಟು ನೋಡಿ. ಮದ್ದು ಬೇರೆ, ಕಾಯಿಲೆ ಬೇರೆ, ನಿಜ. ಆದರೆ ಜಾಗದಲ್ಲೇ ಇಟ್ಟರೆ ಎಷ್ಟು ಕಡಿಮೆ ಸಾಕಾಗುತ್ತದೆ ಎಂಬುದು ಇದರಿಂದ ತಿಳಿಯುತ್ತದೆ. ಶಸ್ತ್ರಚಿಕಿತ್ಸೆಯ ನೋವಿಗೂ ಇಂಥವು ಬಂದಿವೆ. ಲಿಪೋಸೋಮ್ ಎಂಬ ಕೊಬ್ಬಿನ ಗುಳ್ಳೆಗಳೊಳಗೆ ಬುಪಿವಕೇನ್ ಎಂಬ ಮರಗಟ್ಟಿಸುವ ಮದ್ದು ಇಟ್ಟ ಇಂಜೆಕ್ಷನ್‌ಗೆ ಅಮೆರಿಕದಲ್ಲಿ 2011ರಲ್ಲಿ, ಕೊಲ್ಲಾಜನ್ ಎಂಬ ಪ್ರೋಟೀನಿನ ಬಿಲ್ಲೆಯೊಳಗೆ ಬುಪಿವಕೇನ್ ಇಟ್ಟದ್ದಕ್ಕೆ 2020ರಲ್ಲಿ ಅನುಮತಿ ಸಿಕ್ಕಿತು. ಎರಡನೆಯದು ಹರ್ನಿಯಾ ಶಸ್ತ್ರಕ್ರಿಯೆಗೆಂದು ಒಪ್ಪಿಗೆ ಪಡೆದದ್ದು. ಹರ್ನಿಯಾದ ಗಾಯವನ್ನು ಹೊಲಿದು ಮುಚ್ಚುತ್ತಾರೆ. ಹಲ್ಲಿನ ಗುಳಿಯ ಬಾಯಿ ತೆರೆದೇ ಇರುತ್ತದೆ, ಎಂಜಲು ಹೊತ್ತುಹೊತ್ತಿಗೂ ತೊಳೆಯುತ್ತದೆ, ನಾಲಿಗೆ ಸುಮ್ಮನಿರುವುದಿಲ್ಲ. ಅಲ್ಲಿ ಗೆದ್ದದ್ದು ಇಲ್ಲೂ ಗೆಲ್ಲುತ್ತದೆಂದು ಹೇಳಲಾಗದು.

ಮದ್ದನ್ನು ಹೊತ್ತು ನಿಲ್ಲುವ ವಸ್ತುಗಳಲ್ಲಿ ಒಂದೊಂದಕ್ಕೂ ಒಂದೊಂದು ಗುಣ, ಒಂದೊಂದು ಕಾಟ. ಪಿಎಲ್‌ಜಿಎ ಎಂಬ ಪಾಲಿಮರಿನ ಸಣ್ಣ ಗೋಲಿಗಳು ನೀರು ಹೀರಿ ನಿಧಾನಕ್ಕೆ ಸವೆಯುತ್ತ ಮದ್ದು ಬಿಡುತ್ತವೆ. ಆದರೆ ಗೋಲಿಯ ಹೊರಮೈಗೆ ಅಂಟಿದ ಮದ್ದೆಲ್ಲ ಮೊದಲ ಕೆಲವೇ ಗಂಟೆಗಳಲ್ಲಿ ಒಮ್ಮೆಗೇ ನುಗ್ಗಿ ಬರುವುದುಂಟು. ಮೊದಲ ರಾತ್ರಿಗೆ ಇದು ವರವಾಗಬಹುದು, ಪ್ರಮಾಣ ತಪ್ಪಿದರೆ ವಿಷವೂ ಆಗಬಹುದು. ಸವೆದಾಗ ಅದು ಲ್ಯಾಕ್ಟಿಕ್ ಮತ್ತು ಗ್ಲೈಕೋಲಿಕ್ ಆಮ್ಲವಾಗುವುದರಿಂದ ಸುತ್ತ ಹುಳಿ ಹೆಚ್ಚುತ್ತದೆ. ನೀರು ತಾಗಿದರೆ ಸವೆಯುವ ವಸ್ತು ಗಾಳಿಯ ತೇವಕ್ಕೂ ಸವೆಯುತ್ತದೆ. ಆಷಾಢದ ಮಳೆಯಲ್ಲಿ ಕಪಾಟಿನ ಬಟ್ಟೆಗೇ ಬೂಸು ಹಿಡಿಯುವ ಊರಿನ ಔಷಧ ಕೊಠಡಿಯಲ್ಲಿ, ಫಾಯಿಲ್ ಒಡೆದು ಅರ್ಧ ಬಳಸಿ ಮಿಕ್ಕದ್ದನ್ನು ಎತ್ತಿಟ್ಟರೆ ಅದು ಮುಗಿದಂತೆಯೇ. ಪೊಲೊಕ್ಸಮರ್ 407 ಇನ್ನೊಂದು ಬಗೆ. ಸುಮಾರು 18ರಿಂದ 20%ದ ದ್ರಾವಣ ತಣ್ಣಗಿದ್ದಾಗ ನೀರು, ಬಾಯಿಯ ಬಿಸಿಗೆ ಜೆಲ್. ಗುಳಿಯ ಮೂಲೆಮೂಲೆಗೂ ಹರಿದು ಅಲ್ಲೇ ಗಟ್ಟಿಯಾಗುವುದು ಇದರ ಚೆಂದ. ಫ್ರಿಜ್ ಕೈಕೊಟ್ಟರೆ ಸಿರಿಂಜಿನೊಳಗೇ ಗಟ್ಟಿಯಾಗುತ್ತದೆ, ಎಂಜಲಿಗೆ ಕೆಲವೇ ಗಂಟೆಗಳಲ್ಲಿ ಕರಗಿಯೂ ಹೋಗುತ್ತದೆ. ಅದೊಂದನ್ನೇ ನಂಬಿದರೆ ಮೂರು ದಿನ ನಿಲ್ಲದು. ಸಿಗಡಿಯಂಥವುಗಳ ಚಿಪ್ಪಿನಿಂದ ತೆಗೆಯುವ ಕೈಟೊಸಾನ್, ಕೊಲ್ಲಾಜನ್‌ಗಳು ರಕ್ತ ಹೆಪ್ಪುಗಟ್ಟಲು ನೆರವಾಗುತ್ತವೆ, ತಾವೇ ಕರಗುತ್ತವೆ. ಹಲ್ಲಿನ ಗುಳಿಗೆ ಇವೇ ಹೊಂದುತ್ತವೆ ಎಂಬುದು ನಮ್ಮ ಎಣಿಕೆ.

ಈಗ ನಮ್ಮನ್ನು ಹೆಚ್ಚು ಕಾಡುವ ವಿಷಯ. "ಗುಳಿಯಲ್ಲೇ ಮದ್ದು" ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಕೈಗೆ ಸಿಕ್ಕಿದ್ದನ್ನು ತುಂಬುವ ರೂಢಿ ಬರುತ್ತದೆ. ಜೆಲಟಿನ್ ಸ್ಪಂಜನ್ನು ಬುಪಿವಕೇನ್‌ನಲ್ಲಿ ಅದ್ದಿ ಗುಳಿಗೆ ಇಟ್ಟರೆ ಅದು ನಿಧಾನ ಬಿಡುಗಡೆ ಆಗುವುದಿಲ್ಲ. ನೀರಿನಲ್ಲಿ ಕರಗಿದ ಮದ್ದನ್ನು ಹಿಡಿದಿಡುವ ಶಕ್ತಿ ಬರೀ ಸ್ಪಂಜಿಗಿಲ್ಲ. ಒದ್ದೆ ಬಟ್ಟೆಯಿಂದ ನೀರು ಹೋದಂತೆ ಹೋಗಿಬಿಡುತ್ತದೆ. ಮಾತ್ರೆ ಪುಡಿಮಾಡಿ ತುಂಬುವುದು ಇನ್ನೂ ಕೆಟ್ಟದ್ದು. ಮಾತ್ರೆಯಲ್ಲಿ ಮದ್ದಿನ ಜೊತೆಗೆ ಪಿಷ್ಟ, ಟಾಲ್ಕ್‌ನಂಥ ವಸ್ತುಗಳಿರುತ್ತವೆ, ಕ್ರಿಮಿಶುದ್ಧಿ ಇರುವುದಿಲ್ಲ. ಪೆಟ್ರೋಲಿಯಂ ಜೆಲ್ಲಿಯಲ್ಲಿ ಕಲಸಿದ ಆ್ಯಂಟಿಬಯೋಟಿಕ್ ಮುಲಾಮನ್ನು ಗುಳಿಗೆ ಮೆತ್ತಿದರೆ ಆ ಜಿಡ್ಡು ಒಳಗೇ ಉಳಿದು ವರ್ಷಗಳ ನಂತರ ಗಂಟಾಗಿ ತೋರಬಹುದು. ರಕ್ತ ನಿಲ್ಲಿಸುವ ಆಕ್ಸಿಡೈಸ್ಡ್ ಸೆಲ್ಯುಲೋಸ್ ಬಲು ಹುಳಿ. ಕೆಳಗಿನ ಬುದ್ಧಿಹಲ್ಲಿನ ತಳದಲ್ಲಿ ನರ ಬಯಲಾಗಿದ್ದರೆ ಅದನ್ನು ಅಲ್ಲಿ ಇಡಲೇಬಾರದು. ಮನೆಗಳಲ್ಲಿ ಲವಂಗದ ಎಣ್ಣೆಯಲ್ಲಿ ಅದ್ದಿದ ಹತ್ತಿಯನ್ನು ತುರುಕುತ್ತಾರೆ, ಕೆಲವರು ಆಸ್ಪಿರಿನ್ ಮಾತ್ರೆಯನ್ನು ವಸಡಿನ ಪಕ್ಕ ಒತ್ತಿಕೊಳ್ಳುತ್ತಾರೆ. ಎರಡೂ ಬಾಯಿಯ ಚರ್ಮವನ್ನು ಬಿಳಿಚುವಂತೆ ಸುಡುತ್ತವೆ. ಲವಂಗದ ಸಾರವಾದ ಯೂಜಿನಾಲ್ ಇರುವ ಪ್ಯಾಕ್ ಡ್ರೈ ಸಾಕೆಟ್ ಆದ ಮೇಲೆ ನೋವು ತಗ್ಗಿಸಲು ಸರಿ. ಹಲ್ಲು ಕಿತ್ತ ಕೂಡಲೇ ಹಸಿ ಗುಳಿಗೆ ಹಾಕಿದರೆ ಹೆಪ್ಪನ್ನೇ ತಡೆದು, ತಪ್ಪಿಸಬೇಕಾದ ಕಾಯಿಲೆಯನ್ನು ಕರೆತಂದಂತೆ.

ಕಾನೂನೂ ಇದನ್ನು ಬಲ್ಲದು. 2019ರ ನ್ಯೂ ಡ್ರಗ್ಸ್ ಅಂಡ್ ಕ್ಲಿನಿಕಲ್ ಟ್ರಯಲ್ಸ್ ನಿಯಮಗಳ ಪ್ರಕಾರ, ಮೂಲ ಮದ್ದು ಎಷ್ಟೇ ಹಳೆಯದಾಗಿರಲಿ, ಅದರ ನಿಧಾನ ಬಿಡುಗಡೆಯ ರೂಪ ಎಂದೆಂದಿಗೂ "ಹೊಸ ಔಷಧ"ವೇ. ಬೇರೆ ಹೆಚ್ಚಿನ ಹೊಸ ಔಷಧಗಳಿಗೆ ನಾಲ್ಕು ವರ್ಷದ ನಂತರ ಆ ಹೆಸರು ಹೋಗುತ್ತದೆ, ಇದಕ್ಕೆ ಹೋಗುವುದಿಲ್ಲ. ಕ್ಲಿನಿಕ್ಕಿನ ಟೇಬಲ್ ಮೇಲೆ ಕಲಸಿದ ಜೆಲ್ಲಿಗೆ ಈ ನಿಯಮದಲ್ಲಿ ಜಾಗವಿಲ್ಲ. ಇದನ್ನು ಜಿಲ್ಲೆಯ ಎಲ್ಲ ದಂತ ಚಿಕಿತ್ಸಾಲಯಗಳಿಗೂ ಒಂದು ಸುತ್ತೋಲೆಯಲ್ಲಿ ತಿಳಿಸಿ ಎಂಬುದು ನಮ್ಮ ಮೊದಲ ಕೋರಿಕೆ.

ಪರೀಕ್ಷೆ ಮುಗಿದ ಮದ್ದು ಬರುವವರೆಗೆ ಕೈಕಟ್ಟಿ ಕೂರಬೇಕಾಗಿಲ್ಲ. ಮೊದಲ ರಾತ್ರಿಯನ್ನು ದಾಟಿಸುವ ಮದ್ದು ಪ್ರತಿ ತಾಲ್ಲೂಕು ಆಸ್ಪತ್ರೆಯ ಆಪರೇಷನ್ ಥಿಯೇಟರಿನಲ್ಲಿ ಈಗಲೇ ಇದೆ: 0.5% ಬುಪಿವಕೇನ್. ಇದು ಹತ್ತಲು ಹೊತ್ತು ಹಿಡಿಯುತ್ತದೆ, ಆದ್ದರಿಂದ ಹಲ್ಲು ಕೀಳಲು ಲಿಗ್ನೋಕೇನನ್ನೇ ಕೊಡಿ. ಕೆಲಸ ಮುಗಿದ ಮೇಲೆ, ಮನೆಗೆ ಕಳಿಸುವ ಮುಂಚೆ, ಕೆಳದವಡೆಯ ನರದ ಬಳಿ 2 ಮಿ.ಲೀ. ಬುಪಿವಕೇನ್ ಕೊಡಿ. 1:200,000 ಅಡ್ರಿನಲಿನ್ ಇರುವುದಾದರೆ ಆರರಿಂದ ಒಂಬತ್ತು ಗಂಟೆ ಹಿಡಿಯುತ್ತದೆ. ಬರೀ ಬುಪಿವಕೇನ್ ಸ್ವಲ್ಪ ಕಡಿಮೆ ಹೊತ್ತು. 0.5% ಎಂದರೆ ಪ್ರತಿ ಮಿ.ಲೀ.ಗೆ 5 ಮಿ.ಗ್ರಾಂ, ಎರಡು ಮಿ.ಲೀ.ಗೆ 10. ಕೆ.ಜಿ.ಗೆ 1.3 ಮಿ.ಗ್ರಾಂ ಮೀರಬಾರದೆಂಬ ದಂತವೈದ್ಯದ ಲೆಕ್ಕ ಹಿಡಿದರೆ 50 ಕೆ.ಜಿ. ತೂಕದವರಿಗೆ 65 ಮಿ.ಗ್ರಾಂ ಮಿತಿ. ಮೊದಲು ಕೊಟ್ಟ ಲಿಗ್ನೋಕೇನನ್ನೂ ಈ ಲೆಕ್ಕದ ಜೊತೆ ನೋಡಬೇಕು, ಎರಡರ ವಿಷವೂ ಒಂದರ ಮೇಲೊಂದು ಕೂಡುತ್ತದೆ. ಸೂಜಿ ಚುಚ್ಚಿದ ಮೇಲೆ ಹಿಂದಕ್ಕೆಳೆದು ರಕ್ತ ಬರುವುದಿಲ್ಲವೆಂದು ನೋಡದೆ ಒತ್ತಬೇಡಿ. ಬುಪಿವಕೇನ್ ರಕ್ತನಾಳಕ್ಕೆ ಹೋದರೆ ಹೃದಯವನ್ನು ಹಿಡಿಯುತ್ತದೆ. ಅದಕ್ಕೆ ಮದ್ದಾದ 20% ಲಿಪಿಡ್ ಎಮಲ್ಷನ್ ಎಂಬ ಕೊಬ್ಬಿನ ದ್ರಾವಣ, ಮೊದಲ ಡೋಸ್ ಕೆ.ಜಿ.ಗೆ 1.5 ಮಿ.ಲೀ., ಅದೇ ಕಟ್ಟಡದಲ್ಲಿ ಇರಬೇಕು.

ಇಲ್ಲೊಂದು ಎಚ್ಚರಿಕೆಯನ್ನು ದಪ್ಪ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಬೇಕು. ಥಿಯೇಟರಿನ ಅದೇ ಪೆಟ್ಟಿಗೆಯಲ್ಲಿ "ಹೆವಿ" ಎಂದು ಬರೆದ 4 ಮಿ.ಲೀ. ಬುಪಿವಕೇನ್ ಆ್ಯಂಪೂಲ್‌ಗಳೂ ಇರುತ್ತವೆ. ಅದರಲ್ಲಿ ಡೆಕ್ಸ್‌ಟ್ರೋಸ್ ಬೆರೆತಿದೆ, ಅದು ಬೆನ್ನುಹುರಿಯ ಇಂಜೆಕ್ಷನ್‌ಗೆ ಮಾತ್ರ. ಹಲ್ಲಿಗೆ ಬೇಕಾದದ್ದು 20 ಮಿ.ಲೀ. ವಯಲ್‌ನಲ್ಲಿ ಬರುವ ಸಾದಾ ಬುಪಿವಕೇನ್. ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ, ತುಟಿ ಮರಗಟ್ಟಿದೆಯೆಂದು ತಿಳಿಯದವರಿಗೆ ಇದು ಬೇಡ. ಗೊತ್ತಾಗದೆ ತುಟಿಯನ್ನು ಕಚ್ಚಿ ಗಾಯ ಮಾಡಿಕೊಳ್ಳುತ್ತಾರೆ. ದೊಡ್ಡವರಿಗೂ "ಮರಗಟ್ಟಿದ್ದು ಬಿಡುವವರೆಗೆ ಬಿಸಿ ಕಾಫಿ ಬೇಡ" ಎಂದು ಬಾಯಿಬಿಟ್ಟು ಹೇಳಬೇಕು.

ಡ್ರೈ ಸಾಕೆಟ್ ತಪ್ಪಿಸುವುದರಲ್ಲಿ ಪರೀಕ್ಷೆಗಳಲ್ಲಿ ಗೆದ್ದದ್ದು ಕ್ಲೋರ್‌ಹೆಕ್ಸಿಡಿನ್. ಕೀಳುವ ಮುಂಚೆ ಮತ್ತು ಮಾರನೆಯ ದಿನದಿಂದ 0.12% ಅಥವಾ 0.2% ದ್ರಾವಣದಲ್ಲಿ ಬಾಯಿ ಮುಕ್ಕಳಿಸುವುದು, ಇಲ್ಲವೇ ಗುಳಿಯಲ್ಲೇ 0.2%ದ ಜೆಲ್ ಇಡುವುದು. ಔಷಧ ಖರೀದಿಯ ಪಟ್ಟಿಯಲ್ಲಿ ಈ 0.2%ವನ್ನು ಸ್ಪಷ್ಟವಾಗಿ ಬರೆಯಿರಿ. ಅಂಗಡಿಗಳಲ್ಲಿ ಸಿಗುವ 1%ದ ವಸಡಿನ ಜೆಲ್ ಅದಲ್ಲ. ಅಪರೂಪಕ್ಕೆ ಕ್ಲೋರ್‌ಹೆಕ್ಸಿಡಿನ್‌ಗೆ ಪ್ರಾಣಾಂತಕ ಅಲರ್ಜಿ ಆಗುವುದುಂಟು. ಹಿಂದೆ ಇಂಥ ಮೌತ್‌ವಾಶ್‌ನಿಂದ ಮೈ ತುರಿಸಿದೆಯೇ ಎಂದು ಕೇಳಿಯೇ ಬಳಸಬೇಕು, ತೆರೆದ ಗುಳಿಯನ್ನು ತೊಳೆಯಲು ಸಲೈನನ್ನೇ ಬಳಸಬೇಕು. ಉಳಿದದ್ದು ಕೈಕೆಲಸ: ಎಲುಬಿಗೆ ಕಡಿಮೆ ಗಾಯ, ಗುಳಿಯ ಗೋಡೆಗಳನ್ನು ಬೆರಳಿನಿಂದ ಒತ್ತಿ ಕೂಡಿಸುವುದು, ದವಡೆಹಲ್ಲಾದರೆ ಕರಗುವ ದಾರದಲ್ಲಿ ಎಂಟರ ಆಕಾರದ ಒಂದು ಹೊಲಿಗೆ, ಮೂವತ್ತರಿಂದ ನಲವತ್ತೈದು ನಿಮಿಷ ಗಾಜ್ ಬಟ್ಟೆ ಕಚ್ಚಿಸುವುದು.

ಕವಳದ (ಎಲೆ-ಅಡಿಕೆಯ) ಮಾತನ್ನು ಬಿಡುವಂತಿಲ್ಲ. ಅಡಿಕೆಯ ಚೂರು ಗುಳಿಗೆ ಸಿಕ್ಕಿಕೊಳ್ಳುತ್ತದೆ, ಹೊಗೆಸೊಪ್ಪು ರಕ್ತನಾಳಗಳನ್ನು ಬಿಗಿಯುತ್ತದೆ, ಉಗುಳುವ ಸೆಳೆತಕ್ಕೆ ಹೆಪ್ಪು ಕಿತ್ತುಬರುತ್ತದೆ. "ಬಿಟ್ಟುಬಿಡಿ" ಎಂದರೆ ಅಡಿಕೆ ಕೊನೆಕೊಯ್ಲಿನ ಆಳು ಕೇಳುವುದಿಲ್ಲ. "ಏಳು ದಿನ ಮಾತ್ರ" ಎಂದರೆ ಕೇಳುವ ಸಾಧ್ಯತೆ ಇದೆ. ಬೀಡಿಗೂ ಇದೇ ಮಾತು.

ಡ್ರೈ ಸಾಕೆಟ್ ಆಗಿಯೇಬಿಟ್ಟರೆ ಅಮಾಕ್ಸಿಸಿಲಿನ್ ಎಂಬ ಆ್ಯಂಟಿಬಯೋಟಿಕ್ ಬರೆದು ಕಳಿಸುವುದು ಚಿಕಿತ್ಸೆಯಾಗುವುದಿಲ್ಲ. ಅಲ್ಲಿರುವುದು ಬಯಲಾದ ಎಲುಬಿನ ನೋವು, ಕೀವಿನದಲ್ಲ. ಉಗುರುಬೆಚ್ಚಗಿನ ಸಲೈನಿನಲ್ಲಿ ಮೆಲ್ಲಗೆ ತೊಳೆದು, ಎಲುಬನ್ನು ಕೆರೆಯದೆ, ಯೂಜಿನಾಲ್ ಪ್ಯಾಕ್ ಸಡಿಲವಾಗಿ ಇಟ್ಟರೆ ಗಂಟೆಯೊಳಗೆ ರೋಗಿಯ ಮುಖ ಬದಲಾಗುತ್ತದೆ. ರಿಬ್ಬನ್ ಗಾಜ್ ಬಳಸಿದ್ದರೆ ಒಂದರಿಂದ ಮೂರು ದಿನಕ್ಕೊಮ್ಮೆ ತೆಗೆದು ಬದಲಿಸಬೇಕು. ಎಷ್ಟು ತುಂಡು ಇಟ್ಟಿದ್ದೇವೆಂದು ಚೀಟಿಯಲ್ಲಿ ಬರೆದಿರಬೇಕು, ಇಲ್ಲವಾದರೆ ಅದು ಒಳಗೇ ಉಳಿದು ಗಾಯ ಮಾಯುವುದಿಲ್ಲ. ಗುಳಿಯಲ್ಲಿ ತಾನೇ ಕರಗುವ ಮದ್ದು ನಮಗೆ ಬೇಕು ಎನ್ನುವುದು ಇದಕ್ಕೂ ಹೌದು: ದೂರದ ತುಮರಿಯಿಂದಲೋ ಹೊಸನಗರ ತಾಲ್ಲೂಕಿನ ನಗರ ಎಂಬ ಊರಿನಿಂದಲೋ ಬರುವವರಿಗೆ ಪ್ಯಾಕ್ ಬದಲಿಸಲು ಎರಡು ದಿನಕ್ಕೊಮ್ಮೆ ಕೂಲಿ ಬಿಟ್ಟು ಬಾ ಎನ್ನುವುದು ಎಷ್ಟು ಸರಿ?

ಇನ್ನು ಪರೀಕ್ಷೆಯ ವಿಷಯ. ಕರಗುವ ಕೊಲ್ಲಾಜನ್ ಅಥವಾ ಕೈಟೊಸಾನ್‌ನಲ್ಲಿ ನೋವಿನ ಮದ್ದನ್ನು ಕೂಡಿಸಿದ ಬಿಲ್ಲೆಗಳನ್ನು ಕೇಂದ್ರ ಔಷಧ ನಿಯಂತ್ರಣ ಸಂಸ್ಥೆಯ ಅನುಮತಿಯೊಂದಿಗೆ ನಮ್ಮ ಜಿಲ್ಲೆಯಲ್ಲೇ ಪರೀಕ್ಷಿಸಲು ಅವಕಾಶ ಮಾಡಿಕೊಡಿ. ನೈತಿಕ ಸಮಿತಿಯ ಒಪ್ಪಿಗೆ, ರಾಷ್ಟ್ರೀಯ ಕ್ಲಿನಿಕಲ್ ಟ್ರಯಲ್ ದಾಖಲೆಯಲ್ಲಿ ನೋಂದಣಿ, ಕನ್ನಡದಲ್ಲೇ ಬರೆದ ಸಮ್ಮತಿ ಪತ್ರ ಇಲ್ಲದೆ ಒಂದು ಗುಳಿಯನ್ನೂ ಮುಟ್ಟಬಾರದು. ನೋವನ್ನು ಸೊನ್ನೆಯಿಂದ ಹತ್ತರ ಅಳತೆಯಲ್ಲಿ 2, 6, 12, 24, 48, 72ನೆಯ ಗಂಟೆಗೆ ಬರೆದುಕೊಳ್ಳಬೇಕು. ರೋಗಿ ಎಷ್ಟು ಮಾತ್ರೆ ನುಂಗಬೇಕಾಯಿತು ಎಂಬುದು ಅದಕ್ಕಿಂತ ನಂಬಿಕೆಯ ಅಳತೆ, ಖಾಲಿ ಪಟ್ಟಿಯನ್ನು ವಾಪಸು ತರಿಸಿ ಎಣಿಸಬೇಕು. ಏಳನೆಯ ದಿನ ಗುಳಿ ನೋಡಲೇಬೇಕು. ನೋವು ಇಳಿಸಿದ ಬಿಲ್ಲೆಯೇ ಗಾಯ ಮಾಯುವುದನ್ನು ತಡೆದಿದ್ದರೆ ಅದು ಸೋತಂತೆ. ಬಿಲ್ಲೆಯನ್ನು ಇಡೀ ಮಳೆಗಾಲ ನಮ್ಮದೇ ಔಷಧ ಕೊಠಡಿಯಲ್ಲಿಟ್ಟು, ಆಮೇಲೆ ಅದರಲ್ಲಿ ಮದ್ದೆಷ್ಟು ಉಳಿದಿದೆ, ಎಷ್ಟು ಬೇಗ ಬಿಡುತ್ತದೆ ಎಂದು ಅಳೆಯುವುದನ್ನೂ ಈ ಪರೀಕ್ಷೆಗೆ ಸೇರಿಸಿ. ಬೇರೆ ಊರಿನ ಎಸಿ ಕೋಣೆಯಲ್ಲಿ ಬಂದ ಅಂಕಿ ಮಳೆ ಸುರಿಯುವ ಹುಲಿಕಲ್ಲಿನ ಸುತ್ತಲಿನ ಊರುಗಳಿಗೆ ಉಪಯೋಗಕ್ಕೆ ಬಾರದು.

ಈ ತಿಂಗಳೇ ಆಗಬಹುದಾದ ಕೆಲಸಗಳೂ ಇವೆ. ದಂತ ವಿಭಾಗಗಳ ಬೇಡಿಕೆ ಪಟ್ಟಿಗೆ ಸಾದಾ ಬುಪಿವಕೇನ್ ವಯಲ್, 0.2% ಕ್ಲೋರ್‌ಹೆಕ್ಸಿಡಿನ್, ಕರಗುವ ದಾರ ಸೇರಲಿ. ಹಲ್ಲು ಕೀಳುವ ಮುಂಚೆ ಕೇಳುವ ಪ್ರಶ್ನೆಗಳಲ್ಲಿ "ಕಳೆದ ಹತ್ತು ದಿನದಲ್ಲಿ ಜ್ವರ ಬಂದಿತ್ತೇ, ಕಾಡಿಗೆ ಹೋಗಿದ್ದಿರೇ, ಉಣ್ಣೆ ಕಚ್ಚಿತ್ತೇ" ಎಂಬುದು ಇರಲಿ, ಜ್ವರವಿದ್ದರೆ ಕೀಳುವುದನ್ನು ಮುಂದೂಡಿ. ರೋಗಿಯ ಕೈಗೆ ಕೊಡುವ ಚೀಟಿಯಲ್ಲಿ ಮಾತ್ರೆಯ ಹೊತ್ತು, ಏಳು ದಿನದ ಕವಳದ ಮಾತು, ಯಾವ ಇಂಜೆಕ್ಷನ್ ಕೊಟ್ಟಿದ್ದೇವೆ, ಗುಳಿಯಲ್ಲಿ ಏನಿಟ್ಟಿದ್ದೇವೆ, ಅದು ಕರಗುವುದೋ ತೆಗೆಸಬೇಕಾದದ್ದೋ ಎಂಬುದು ಬರೆದಿರಲಿ. ಜ್ವರ ಬಂದರೆ ಪ್ಯಾರಾಸಿಟಮಾಲ್ ಬಿಟ್ಟು ಉಳಿದ ನೋವಿನ ಮಾತ್ರೆ ನಿಲ್ಲಿಸಿ ಆಸ್ಪತ್ರೆಗೆ ಬನ್ನಿ ಎಂಬ ಸಾಲು ಎಲ್ಲಕ್ಕಿಂತ ಮೇಲಿರಲಿ. ಮೂರನೆಯ ದಿನ ಆ ಊರಿನ ಆಶಾ ಕಾರ್ಯಕರ್ತೆ ಮನೆಯ ಮುಂದೆ ಹಾದುಹೋಗುವಾಗ "ಕಿವಿಗೆ ಸೆಳೆಯುತ್ತಿದೆಯೇ, ಬಾಯಿ ವಾಸನೆ ಬರುತ್ತಿದೆಯೇ" ಎಂದು ಎರಡು ಪ್ರಶ್ನೆ ಕೇಳಿದರೆ ಸಾಕು. ಆ ಚೀಟಿಯ ಕರಡನ್ನು ನಾವು ಬರೆದಿಟ್ಟಿದ್ದೇವೆ. ತಾವು ಕರೆದ ದಿನ ತಂದೊಪ್ಪಿಸಿ, ದಂತ ವಿಭಾಗದ ಸಿಬ್ಬಂದಿಗೆ ಬುಪಿವಕೇನ್ ಲೆಕ್ಕವನ್ನೂ ಕಲಿಸಿಕೊಡುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಶಿವಮೊಗ್ಗ ಜಿಲ್ಲೆಯ ಕೆಲವು ದಂತವೈದ್ಯರು ಮತ್ತು ಔಷಧ ವಿಜ್ಞಾನದ ಬೋಧಕರು